ಮಾರ್ಸೇಯಲ್ಲಿ ಪುಟ್ಟ ಸ್ಟುಡಿಯೋ ಕೊಳ್ಳುವುದು: ಕೋಣೆಗಿಂತ ಮೊದಲು ಕಟ್ಟಡ ನೋಡಿ

ದಕ್ಷಿಣ ಫ್ರಾನ್ಸಿನ ಬಂದರು ಊರು ಮಾರ್ಸೇಯಲ್ಲಿ ಸ್ಟುಡಿಯೋ, ಅಂದರೆ ಒಂದೇ ಕೋಣೆಯ ಮನೆ, ಹುಡುಕುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಬೆಲೆ ಎಷ್ಟು? ಸಮುದ್ರ ಎಷ್ಟು ದೂರ? ಈ ಕಟ್ಟಡದ ಮಾಡು ಕೊನೆಯ ಸಲ ರಿಪೇರಿ ಆದದ್ದು ಯಾವಾಗ ಎಂದು ಕೇಳುವವರು ಕಡಿಮೆ. ನಿಮ್ಮ ದುಡ್ಡು ಉಳಿಯುವುದೂ ಹೋಗುವುದೂ ಆ ಪ್ರಶ್ನೆಯಲ್ಲೇ. ಹಳೇ ಊರಿನಲ್ಲಿ ನಿಮಗೆ ಸಿಗುವುದು 20 ಚದರ ಮೀಟರಿನ, ಅಂದರೆ ಸುಮಾರು 215 ಚದರ ಅಡಿಯ ಒಂದು ಕೋಣೆ, ಜೊತೆಗೆ ನೂರು ವರ್ಷ ದಾಟಿದ ಕಟ್ಟಡದಲ್ಲಿ ಒಂದು ಪಾಲು. ಕೋಣೆ ಚೆನ್ನಾಗಿಲ್ಲದಿದ್ದರೆ ಸುಣ್ಣಬಣ್ಣ ಮಾಡಿಸಬಹುದು. ಕಟ್ಟಡ ಚೆನ್ನಾಗಿಲ್ಲದಿದ್ದರೆ ನಿಮ್ಮೊಬ್ಬರ ಕೈಯಲ್ಲಿ ಏನೂ ಆಗದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫ್ರಾನ್ಸಿನಲ್ಲಿ ಮನೆ ಕೊಳ್ಳಲು ವಿದೇಶಿಯರಿಗೆ ಅಡ್ಡಿಯಿಲ್ಲ. ಆದರೆ ಮನೆ ಇದ್ದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ. ಷೆಂಗೆನ್ ವೀಸಾದಲ್ಲಿ 180 ದಿನಗಳಿಗೆ 90 ದಿನ ಮಾತ್ರ ಇರಬಹುದು, ಸ್ವಂತ ಮನೆಯಿದ್ದರೂ ಅಷ್ಟೇ. ಅದಕ್ಕಿಂತ ಜಾಸ್ತಿ ಇರಬೇಕಾದರೆ ದೀರ್ಘಾವಧಿ ವೀಸಾಗೆ ಬೇರೆಯಾಗಿಯೇ ಅರ್ಜಿ ಹಾಕಬೇಕು.

ದುಡ್ಡು ಹೋಗುವ ದಾರಿ

ಮನೆ ನೋಡುವ ಮುಂಚೆ ಇದನ್ನು ಬಗೆಹರಿಸಿಕೊಳ್ಳಿ. ನೀವು ಫ್ರಾನ್ಸಿನಲ್ಲೇ ಕೆಲಸದಲ್ಲಿದ್ದರೆ ಬ್ಯಾಂಕ್ ಸಾಲ ಸಿಗುತ್ತದೆ. ಸಾಲದ ಕಂತು, ಅದರ ವಿಮೆ ಎಲ್ಲ ಸೇರಿ ಆದಾಯದ 35% ಮೀರಬಾರದು, ಅವಧಿ 25 ವರ್ಷ ದಾಟಬಾರದು ಎಂಬುದು ಅಲ್ಲಿನ ಬ್ಯಾಂಕುಗಳಿಗಿರುವ ನಿಯಮ. ಕಾಯಂ ನೌಕರಿಯ ಕರಾರು ಇದ್ದರೆ ಕೆಲಸ ಸಲೀಸು. 20 ಚದರ ಮೀಟರಿಗಿಂತ ಚಿಕ್ಕ ಮನೆಗೆ ಸಾಲ ಕೊಡಲು ಹಲವು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. 17 ಚದರ ಮೀಟರಿನ ಮನೆ ಇಷ್ಟವಾದರೆ ಮೊದಲು ಬ್ಯಾಂಕಿನವರನ್ನು ಕೇಳಿ.

ಭಾರತದಲ್ಲಿದ್ದುಕೊಂಡು ಕೊಳ್ಳುವುದಾದರೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯೇ ದಾರಿ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ತನಕ ಕಳಿಸಬಹುದು, ವಿದೇಶದಲ್ಲಿ ಮನೆ ಕೊಳ್ಳಲೂ ಅವಕಾಶವಿದೆ. ಸ್ಟುಡಿಯೋಗೆ ಈ ಮಿತಿ ಸಾಕು. ಕಷ್ಟ ಕೊಡುವುದು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕಿನವರು ಹಿಡಿಯುವ ತೆರಿಗೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ 20% ಹಿಡಿಯುತ್ತಾರೆ. ಲೆಕ್ಕ ಸುಲಭವಾಗಲಿ ಅಂತ ಯೂರೋಗೆ ನೂರು ರೂಪಾಯಿ ಇಟ್ಟುಕೊಳ್ಳಿ. 90,000 ಯೂರೋ ಕಳಿಸಲು 90 ಲಕ್ಷದ ಜೊತೆ ಇನ್ನೂ 16 ಲಕ್ಷ ಕೈಯಲ್ಲಿರಬೇಕು. ರಿಟರ್ನ್ ಸಲ್ಲಿಸುವಾಗ ಅದನ್ನು ನಿಮ್ಮ ತೆರಿಗೆಗೆ ವಜಾ ಮಾಡಿಕೊಳ್ಳಬಹುದು, ಉಳಿದರೆ ವಾಪಸೂ ಬರುತ್ತದೆ, ಆದರೆ ಅಲ್ಲಿಯ ತನಕ ಸಿಕ್ಕಿಹಾಕಿಕೊಂಡ ದುಡ್ಡೇ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಕೊಂಡು ಇಬ್ಬರೂ ಕಳಿಸಿದರೆ ಇಬ್ಬರಿಗೂ ಬೇರೆ ಬೇರೆ 10 ಲಕ್ಷದ ವಿನಾಯಿತಿ.

ದುಡ್ಡನ್ನು ತೀರಾ ಬೇಗ ಕಳಿಸಿ ಕೂರಬೇಡಿ. ಎಲ್‌ಆರ್‌ಎಸ್‌ನಲ್ಲಿ ಹೋದ ಹಣ ಬಳಕೆಯಾಗದೆ ಸುಮ್ನೆ ಬಿದ್ದಿದ್ದರೆ 180 ದಿನದೊಳಗೆ ವಾಪಸ್ ತರಿಸಬೇಕು. ಖರೀದಿ ಮುರಿದುಬಿದ್ದರೆ ಈ ಗಡುವು ತಲೆನೋವಾಗುತ್ತದೆ.

80,000 ಯೂರೋದ ಮನೆಗೆ ನಿಜವಾಗಿ ಎಷ್ಟು?

ಜಾಹೀರಾತಿನ ಬೆಲೆಯಲ್ಲಿ ಸಾಮಾನ್ಯವಾಗಿ ಏಜೆನ್ಸಿಯ ಕಮಿಷನ್ ಸೇರಿರುತ್ತದೆ. ನೋಂದಣಿ ಖರ್ಚು ಸೇರಿರುವುದಿಲ್ಲ. ಹಳೇ ಮನೆಗೆ ಅದು 7ರಿಂದ 8% ಎಂದು ಎಲ್ಲರೂ ಹೇಳುತ್ತಾರೆ. ಚಿಕ್ಕ ಮನೆಗೆ ಅದು 9%ರ ಹತ್ತಿರ ಹೋಗುತ್ತದೆ, ಯಾಕೆಂದರೆ ಕಾಗದಪತ್ರದ ಕೆಲವು ಖರ್ಚುಗಳು ಮನೆ ಎಷ್ಟೇ ಸಣ್ಣದಿದ್ದರೂ ಅಷ್ಟೇ. 80,000 ಯೂರೋಗೆ ವರ್ಗಾವಣೆ ತೆರಿಗೆಯೇ 4,600ರಿಂದ 5,000. ಕ್ರಯಪತ್ರ ಮಾಡಿಕೊಡುವ ನೊತೇರ್ ಅವರ ಸಂಭಾವನೆ ಸರಕಾರ ಗೊತ್ತುಮಾಡಿದ ದರದಲ್ಲಿ, ವ್ಯಾಟ್ ಸೇರಿ 1,200ರ ಆಸುಪಾಸು. ಉಳಿದ ಕಾಗದಗಳಿಗೆ ಇನ್ನೊಂದು ಸಾವಿರ. ಒಟ್ಟು 7,000 ಯೂರೋ ಬದಿಗಿಡಿ. ಚಿಲ್ಲರೆ ರಿಪೇರಿಯೂ ಸೇರಿ 90,000 ಇದ್ದರೆ ಹೊರಡಿ.

ನೊತೇರ್ ಎಂದರೆ ನಮ್ಮ ಕೋರ್ಟ್ ಮುಂದೆ ಸೀಲು ಒತ್ತುವ ನೋಟರಿ ಅಲ್ಲ. ಕ್ರಯಪತ್ರ ಬರೆಯುವುದು, ಮಾರುವವರ ಹಕ್ಕು ಪರೀಕ್ಷಿಸುವುದು, ತೆರಿಗೆ ವಸೂಲು ಮಾಡಿ ಸರಕಾರಕ್ಕೆ ಕಟ್ಟುವುದು ಎಲ್ಲ ಅವರದೇ. ನಮ್ಮಲ್ಲಿ ವಕೀಲರೂ ಸಬ್ ರಿಜಿಸ್ಟ್ರಾರೂ ಸೇರಿ ಮಾಡುವ ಕೆಲಸವನ್ನು ಅಲ್ಲಿ ಇವರೊಬ್ಬರೇ ಮಾಡುತ್ತಾರೆ. ಮಾರುವವರಿಗೆ ಒಬ್ಬರಿದ್ದರೂ ನಿಮ್ಮ ಕಡೆಯಿಂದ ಇನ್ನೊಬ್ಬರನ್ನು ಇಟ್ಟುಕೊಳ್ಳಿ. ಸಂಭಾವನೆ ಇಬ್ಬರ ನಡುವೆ ಹಂಚಿಹೋಗುತ್ತದೆ, ನಿಮಗೆ ಹೆಚ್ಚಿನ ಖರ್ಚಿಲ್ಲ. ಇಷ್ಟಾಗಿಯೂ ಜನ ಯಾಕೆ ಇಟ್ಟುಕೊಳ್ಳುವುದಿಲ್ಲವೋ!

ಆಮೇಲೆ ವರ್ಷವರ್ಷದ ಖರ್ಚು. ಕಟ್ಟಡದ ಮೇಂಟೆನೆನ್ಸ್, ಅಲ್ಲಿ ಅದಕ್ಕೆ ಶಾರ್ಜ್ ಎನ್ನುತ್ತಾರೆ. ಆಸ್ತಿ ತೆರಿಗೆ ತಾಕ್ಸ್ ಫೊನ್ಸಿಯೇರ್, ಮಾರ್ಸೇಯಲ್ಲಿ ಇದು ಜಾಸ್ತಿಯೇ. ನೀವು ಅಲ್ಲಿ ಕಾಯಂ ವಾಸವಿಲ್ಲದೆ ಎರಡನೇ ಮನೆಯಾಗಿ ಇಟ್ಟುಕೊಂಡರೆ ವಾಸದ ತೆರಿಗೆಯೂ ಬೀಳುತ್ತದೆ, ಅದರ ಮೇಲೆ ನಗರಸಭೆಯ ಸರ್‌ಚಾರ್ಜು ಬೇರೆ. ಮಾರುವವರ ಹತ್ತಿರ ಕಳೆದ ವರ್ಷದ ತೆರಿಗೆ ನೋಟಿಸ್ ಕೇಳಿ ತೆಗೆದುಕೊಳ್ಳಿ. ಬಾಯಿಮಾತಿನ ಅಂದಾಜು ನಂಬಬೇಡಿ.

ಯಾವ ಏರಿಯಾ

ಊರು 16 ವಾರ್ಡುಗಳಾಗಿ ಹಂಚಿಹೋಗಿದೆ. ಹಳೇ ಬಂದರು ವ್ಯೂ ಪೋರ್‌ನ ಹಿಂದಿನ ನೊವಾಯ್ ಮತ್ತು ಬೆಲ್ಸನ್ಸ್ ಊರಿನ ನಡುಮಧ್ಯ, ಬೆಲೆ ಕೈಗೆಟುಕುವಂತಿರುತ್ತದೆ, ಶಿಥಿಲ ಕಟ್ಟಡಗಳೂ ಅಲ್ಲೇ ಜಾಸ್ತಿ. ಬಂದರಿನ ಉತ್ತರಕ್ಕಿರುವ ಲ ಪಾನಿಯೇ ಫೋಟೋದಲ್ಲಿ ಚೆಂದ. ಇಕ್ಕಟ್ಟು ಗಲ್ಲಿಗಳಲ್ಲಿ ಕೆಳಗಿನ ಮಹಡಿಗಳಿಗೆ ಬಿಸಿಲೇ ಬೀಳುವುದಿಲ್ಲ. ಕೂರ್ ಜೂಲಿಯಾಂ ಸುತ್ತಮುತ್ತ ಹಗಲು ನೋಡಿ ಮರುಳಾಗಬೇಡಿ, ಶನಿವಾರ ರಾತ್ರಿ ಹೋಗಿ ಕಿಟಕಿ ಕೆಳಗೆ ನಿಲ್ಲಿ. 3ನೇ ವಾರ್ಡಿನ ಬೆಲ್ ದ ಮೇ ಅಗ್ಗ, ಆದರೆ ಮೊದಲ ಖರೀದಿಗೆ ನಾನು ಹೇಳುವುದಿಲ್ಲ. 7ನೇ ವಾರ್ಡಿನ ಆಂದೂಮ್ ಸಮುದ್ರದ ಪಕ್ಕ, ಬೆಲೆ ಹೆಚ್ಚು, ಮೆಟ್ರೋ ಇಲ್ಲ.

ನನ್ನ ಕೇಳಿದರೆ 5ನೇ ವಾರ್ಡಿನ ತಿಮೋನ್ ಮತ್ತು ಬಾಯ್, 4ನೇ ವಾರ್ಡಿನ ಸ್ಯಾಂಕ್ ಅವೆನ್ಯೂ, 6ನೇ ವಾರ್ಡಿನ ಕಾಸ್ತೆಲಾನ್ ಸುತ್ತ ಹುಡುಕಿ. ತಿಮೋನ್‌ನಲ್ಲಿ ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು ಇವೆ. ಸ್ಟುಡಿಯೋ ಬಾಡಿಗೆಗೆ ಕೇಳುವ ವಿದ್ಯಾರ್ಥಿಗಳಿಗೆ ಬರವಿಲ್ಲ. ಕಾಸ್ತೆಲಾನ್‌ನಲ್ಲಿ ಮೆಟ್ರೋದ ಎರಡೂ ಮಾರ್ಗ ಸೇರುತ್ತವೆ.

ತೀರಾ ಅಗ್ಗದ ಹೊಸ ಸ್ಟುಡಿಯೋ ಕಂಡರೆ ಎಚ್ಚರ. ವಿದ್ಯಾರ್ಥಿ ನಿಲಯ ಅಥವಾ ಹಿರಿಯರ ವಸತಿಯಂಥ ಕಟ್ಟಡಗಳಲ್ಲಿ ಕಂಪನಿಯೊಂದರ ಜೊತೆ 'ಬಾಯ್ ಕೊಮೆರ್ಸಿಯಾಲ್' ಎಂಬ ವಾಣಿಜ್ಯ ಕರಾರು ಇರುತ್ತದೆ. ಮನೆ ನಿಮ್ಮದು, ಆದರೆ ನೀವೇ ಹೋಗಿ ಇರುವ ಹಾಗಿಲ್ಲ. ಬಾಡಿಗೆದಾರರ ಸಮೇತ ಮಾರುವ ಮನೆಗಳೂ ಇರುತ್ತವೆ.

ಬೆಲೆ ಸರಿಯಿದೆಯೇ ನೋಡಲು ಏಜೆಂಟರನ್ನು ಕೇಳುವ ಅಗತ್ಯವಿಲ್ಲ. ಫ್ರೆಂಚ್ ಸರಕಾರ ಡಿವಿಎಫ್ ಹೆಸರಿನಲ್ಲಿ ಆಗಿಹೋದ ಮಾರಾಟಗಳನ್ನು ನಕ್ಷೆಯ ಮೇಲೆ ಹಾಕಿದೆ. ಬೀದಿ, ಕಟ್ಟಡ, ಅಳತೆ, ನಿಜವಾಗಿ ಕೊಟ್ಟ ಬೆಲೆ ಎಲ್ಲ ಕಾಣುತ್ತದೆ, ಪುಕ್ಕಟೆ. ಅದೇ ಮೆಟ್ಟಿಲಿನ ಇನ್ನೊಂದು ಸ್ಟುಡಿಯೋ ಎಷ್ಟಕ್ಕೆ ಹೋಯಿತು ಎಂದು ಗೊತ್ತಿದ್ದವರ ಜೊತೆ ಚೌಕಾಸಿ ಮಾಡುವುದು ಏಜೆಂಟರಿಗೂ ಕಷ್ಟ.

ಕಟ್ಟಡವನ್ನು ಓದುವುದು

2018ರ ನವೆಂಬರ್ 5ರ ಬೆಳಗ್ಗೆ ನೊವಾಯ್‌ನ ರ್ಯೂ ದೋಬಾನ್ಯ ಬೀದಿಯಲ್ಲಿ 63 ಮತ್ತು 65ನೇ ನಂಬರಿನ ಕಟ್ಟಡಗಳು ಕುಸಿದವು. ಎಂಟು ಜನ ಸತ್ತರು. 63 ಖಾಲಿಯಿತ್ತು, 65ರಲ್ಲಿ ಜನ ವಾಸವಿದ್ದರು. ಅದು ಹಲವು ಮಾಲೀಕರಿದ್ದ ಕಟ್ಟಡ, ಅಂದರೆ ನೀವು ಕೊಳ್ಳಲು ಹೊರಟಿರುವಂಥದ್ದೇ. ಆಮೇಲೆ ನಗರಸಭೆ ಊರಿನ ತುಂಬಾ ಸಾವಿರಾರು ಜನರನ್ನು ಅಪಾಯದ ಮನೆಗಳಿಂದ ಹೊರಗೆ ಕಳಿಸಿತು. ಮಾಲೀಕರಾಗಿದ್ದು ವಿಚಾರಣೆ ಎದುರಿಸಿದವರೂ ಇದ್ದಾರೆ. ಹಾಗಾಗಿ ಇದು ಬಾಡಿಗೆದಾರರ ಪಾಡು ಎಂದು ಕೈಬಿಡುವ ವಿಷಯವಲ್ಲ.

ಮಾರ್ಸೇಯ ಮಾಮೂಲಿ ಹಳೇ ಕಟ್ಟಡಕ್ಕೆ 'ಮೂರು ಕಿಟಕಿಯದು' ಎಂದೇ ಹೆಸರು. ಅಗಲ ಏಳು ಮೀಟರ್ ಸುಮಾರು, ಪ್ರತಿ ಮಹಡಿಗೆ ಬೀದಿ ಕಡೆಗೆ ಮೂರು ಕಿಟಕಿ. ಒಳಗೆ ಕೆಂಪು ಷಟ್ಕೋನದ ತೊಮೆತ್ ಹೆಂಚಿನ ನೆಲ, ಅದರಡಿ ಮರದ ತೊಲೆ. ಈ ಕಟ್ಟಡಗಳನ್ನು ಕಟ್ಟಿದ ಕಾಲದಲ್ಲಿ ಮನೆಯೊಳಗೆ ಬಚ್ಚಲು ಇರಲಿಲ್ಲ. ಆಮೇಲೆ ಒಂದು ದೊಡ್ಡ ಮನೆಯನ್ನು ಮೂರು ಸ್ಟುಡಿಯೋ ಮಾಡಿದಾಗ ಅದೇ ತೊಲೆಗಳ ಮೇಲೆ ಮೂರು ಬಚ್ಚಲು ಬಂದವು. ಶವರಿನ ಅಂಚಿನಿಂದ ಸಣ್ಣಗೆ ನೀರು ಇಳಿದರೂ ಗೋಡೆಯೊಳಗೆ ಕೂತ ತೊಲೆಯ ತುದಿ ಕೊಳೆಯುತ್ತದೆ. ಮೇಲಿನಿಂದ ಏನೂ ಕಾಣದು. ಅದಕ್ಕೇ ನಿಮ್ಮ ಬಚ್ಚಲು ನೋಡುವಷ್ಟೇ ಗಮನದಿಂದ ಮೇಲಿನ ಮನೆಯ ಬಚ್ಚಲು ಎಲ್ಲಿದೆ ಎಂದು ಕೇಳಿ, ಅದರ ಕೆಳಗೆ ಬರುವ ನಿಮ್ಮ ಸೂರನ್ನು ನೋಡಿ. ಹೊಸ ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿದ್ದಾರೆಯೇ? ಅದರ ಹಿಂದೆ ಏನಿದೆ ಎಂದು ಕೇಳುವುದು ನಿಮ್ಮ ಹಕ್ಕು.

ಮೆಟ್ಟಿಲನ್ನು ನಿಧಾನವಾಗಿ ಹತ್ತಿ. ಗೋಡೆಯ ಬಿರುಕಿನ ಮೇಲೆ ಅಡ್ಡಲಾಗಿ ಬಳಿದ ಬಿಳಿ ಪ್ಲಾಸ್ಟರ್ ಪಟ್ಟಿ ಕಂಡರೆ, ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದರೆ, ಅದು ಸಾಕ್ಷಿ ಗುರುತು. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಇಟ್ಟದ್ದು. ಪಟ್ಟಿ ಅಖಂಡವಾಗಿದ್ದರೆ ಸಮಾಧಾನ, ಪಟ್ಟಿಯೇ ಸೀಳಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ. ಮೆಟ್ಟಿಲ ತಿರುವಿನ ನೆಲ ವಾಲಿದೆಯೇ, ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುತ್ತದೆಯೇ ನೋಡಿ. ನೆಲಮಾಳಿಗೆಗೆ ಇಳಿಸಿ ತೋರಿಸಿ ಎಂದು ಕೇಳಿ. ಕೀಲಿ ಇಲ್ಲ ಅಂದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ಗೋಡೆಯ ಬುಡದಲ್ಲಿ ತೇವ, ಕಬ್ಬಿಣದ ಆಧಾರ ಕಂಬಗಳು ಎಲ್ಲ ಅಲ್ಲೇ ಗೊತ್ತಾಗುವುದು. ಮೇಲಿನ ಮಹಡಿಯಾದರೆ ಮಾಡಿನ ಬಗ್ಗೆ ಕೇಳಿ. ಗಂಟೆಗೆ ನೂರು ಕಿಲೋಮೀಟರ್ ದಾಟುವ ಮಿಸ್ತ್ರಾಲ್ ಗಾಳಿ ಹೆಂಚುಗಳನ್ನು ಸರಿಸಿಬಿಡುತ್ತದೆ. ಆ ಗಾಳಿ ವಾಯವ್ಯದಿಂದ ಬೀಸುವುದರಿಂದ ಆ ಕಡೆ ಮುಖ ಮಾಡಿದ ಒಂಟಿ ಗಾಜಿನ ಕಿಟಕಿ ಚಳಿಗಾಲದಲ್ಲಿ ಒಂದು ಶಿಕ್ಷೆ.

ಮೆಟ್ಟಿಲಲ್ಲಿ ಯಾರಾದರೂ ವಯಸ್ಸಾದವರು ಎದುರಾದರೆ 'ಬೋಂಜೂರ್' ಎಂದು ಮಾತಾಡಿಸಿ, ಮಳೆ ಬಂದಾಗ ಹೇಗೆ ಎಂದು ಕೇಳಿ. ಏಜೆಂಟರು ಹತ್ತು ಸಲ ಕೇಳಿದರೂ ಹೇಳದ್ದನ್ನು ಅವರು ಒಂದೇ ಉಸಿರಿಗೆ ಹೇಳುತ್ತಾರೆ.

ಕಾಗದದಲ್ಲಿರುವ ಕಟ್ಟಡ

ಈ ಜಂಟಿ ಮಾಲೀಕತ್ವಕ್ಕೆ ಕೋಪ್ರೊಪ್ರಿಯೆತೆ ಎನ್ನುತ್ತಾರೆ, 1965ರ ಕಾನೂನಿನಡಿ ನಡೆಯುತ್ತದೆ. ಅದನ್ನು ನೋಡಿಕೊಳ್ಳುವವರು ಸ್ಯಾಂದಿಕ್. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿಗಿಂತ ಅಧಿಕಾರ ಜಾಸ್ತಿ. ಸ್ಯಾಂದಿಕ್ಕೇ ಇಲ್ಲದ ಅಥವಾ ಹೆಸರಿಗಷ್ಟೇ ಇರುವ ಕಟ್ಟಡಕ್ಕೆ ಕೈಹಾಕಬೇಡಿ. ದೇಶದ ಎಲ್ಲ ಕೋಪ್ರೊಪ್ರಿಯೆತೆಗಳೂ ರಾಷ್ಟ್ರೀಯ ದಾಖಲೆಯಲ್ಲಿ ನೋಂದಣಿಯಾಗಿರಬೇಕು. ನಂಬರ್ ಕೇಳಿ, ಆನ್‌ಲೈನಿನಲ್ಲಿ ಹುಡುಕಿ.

ಮಾಲೀಕರ ವಾರ್ಷಿಕ ಸಭೆಯ ನಡಾವಳಿ, ಕಳೆದ ಮೂರು ವರ್ಷದ್ದು, ಬೆಲೆ ಮಾತಾಡುವ ಮುಂಚೆಯೇ ಕೇಳಿ. ಕಾನೂನಿನ ಪ್ರಕಾರ ಅಗ್ರಿಮೆಂಟ್ ಹೊತ್ತಿಗೆ ಕೊಡಲೇಬೇಕು, ಒಳ್ಳೆಯ ಏಜೆಂಟರು ಮೊದಲೇ ಕೊಡುತ್ತಾರೆ. ಓದುವುದು ಹೀಗೆ. ಮೊದಲು ಬಾಕಿ ಉಳಿಸಿಕೊಂಡವರ ಮೊತ್ತ ಹುಡುಕಿ. ಎಂಟು ಮನೆಯಲ್ಲಿ ಮೂರು ಮನೆಯವರು ದುಡ್ಡು ಕಟ್ಟುತ್ತಿಲ್ಲ ಎಂದರೆ ಮಾಡು ಸೋರಿದರೂ ರಿಪೇರಿ ಆಗುವುದಿಲ್ಲ. ಆಮೇಲೆ ಸಭೆಯಲ್ಲಿ ತಿರಸ್ಕಾರವಾದ ಕೆಲಸಗಳನ್ನು ನೋಡಿ. ವರ್ಷ ವರ್ಷವೂ 'ಮುಂಭಾಗದ ದುರಸ್ತಿ, ಮುಂದೂಡಲಾಗಿದೆ' ಎಂದು ಬರುತ್ತಿದ್ದರೆ ಆ ಬಿಲ್ಲು ನಿಮಗಾಗಿ ಕಾಯುತ್ತಿದೆ. ನಿಮ್ಮ ಪಾಲು ಎಷ್ಟು ಎಂಬುದು ತಾಂತಿಯೆಮ್ ಎಂಬ ಲೆಕ್ಕದಲ್ಲಿರುತ್ತದೆ. ಸಾವಿರಕ್ಕೆ 60 ಪಾಲು ನಿಮ್ಮದಾದರೆ 50,000 ಯೂರೋದ ಮಾಡಿನ ಕೆಲಸಕ್ಕೆ 3,000 ನೀವು ಕೊಡಬೇಕು.

ಈಗಾಗಲೇ ಒಪ್ಪಿಗೆಯಾದ ಕೆಲಸದ ಕಂತನ್ನು ಯಾರು ಕಟ್ಟಬೇಕು? ಕಂತು ಬೀಳುವ ದಿನ ಯಾರು ಮಾಲೀಕರೋ ಅವರು. ಅಂದರೆ ಮಾರುವವರು ಕೈಯೆತ್ತಿ ಒಪ್ಪಿದ ಕೆಲಸಕ್ಕೆ ನೀವು ದುಡ್ಡು ಕೊಡಬೇಕಾದೀತು. ಇದನ್ನು ಮಾರುವವರೇ ಭರಿಸಬೇಕು ಎಂದು ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳಿ. ಜೊತೆಗೆ ಕಟ್ಟಡದ ಮೇಲೆ ನಗರಸಭೆಯ ಅಪಾಯದ ಆದೇಶ ಇದೆಯೇ ನೋಡಿ. ಇಂಥ ಆದೇಶಗಳನ್ನು ಮಾರ್ಸೇ ನಗರಸಭೆ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ.

ಅಳತೆ ಮತ್ತು ಶಕ್ತಿಯ ದರ್ಜೆ

ಸೂಪರ್ ಬಿಲ್ಟ್ ಅಪ್ ಏರಿಯಾದ ಆಟ ಅಲ್ಲಿಲ್ಲ. ಮನೆಯ ಅಳತೆಗೆ ಇರುವ ಕಾರೆಜ್ ಕಾನೂನಿನಂತೆ ಸೂರಿನ ಎತ್ತರ 1.80 ಮೀಟರಿಗಿಂತ ತಗ್ಗಾದ ಜಾಗ ಲೆಕ್ಕಕ್ಕೇ ಬರುವುದಿಲ್ಲ. ಹಳೇ ಕಟ್ಟಡಗಳ ಎತ್ತರದ ಸೂರಿನ ಕೆಳಗೆ ಮಲಗಲು ಅಟ್ಟ ಮಾಡಿರುತ್ತಾರೆ. 'ನೆಲದ ಮೇಲೆ 26, ಕಾರೆಜ್ 18' ಎಂದು ಜಾಹೀರಾತಿನಲ್ಲಿದ್ದರೆ ನೀವು ಬೆಲೆ ಕಟ್ಟಬೇಕಾದ್ದು 18ಕ್ಕೆ. ಪತ್ರದಲ್ಲಿ ಬರೆದದ್ದಕ್ಕಿಂತ ನಿಜವಾದ ಅಳತೆ 5% ಮೀರಿ ಕಡಿಮೆಯಿದ್ದರೆ ನೋಂದಣಿಯಾದ ಒಂದು ವರ್ಷದೊಳಗೆ ಅಷ್ಟರಮಟ್ಟಿಗೆ ದುಡ್ಡು ವಾಪಸ್ ಕೇಳಬಹುದು. ಬಾಡಿಗೆಗೆ ಕೊಡಲು ಮುಖ್ಯ ಕೋಣೆ ಕನಿಷ್ಠ 9 ಚದರ ಮೀಟರ್, 2.20 ಮೀಟರ್ ಎತ್ತರ, ಇಲ್ಲವೇ 20 ಘನ ಮೀಟರ್ ಇರಬೇಕು.

ಡಿಪಿಇ ಎಂಬ ಶಕ್ತಿಬಳಕೆಯ ದರ್ಜೆ ಎ ಇಂದ ಜಿ ತನಕ. ಜಿ ದರ್ಜೆಯ ಮನೆಯನ್ನು 2025ರಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಎಫ್‌ಗೆ 2028, ಇ ದರ್ಜೆಗೆ 2034 ಗಡುವು. ಚಿಕ್ಕ ಮನೆಗಳಿಗೆ ಈ ಲೆಕ್ಕ ಅನ್ಯಾಯ ಮಾಡುತ್ತಿತ್ತು. 2024ರ ಜುಲೈಯಲ್ಲಿ 40 ಚದರ ಮೀಟರಿನೊಳಗಿನ ಮನೆಗಳಿಗೆ ಸೂತ್ರ ಬದಲಾಯಿತು, 2026ರ ಜನವರಿಯಿಂದ ವಿದ್ಯುತ್ ಹೀಟರಿನ ಮನೆಗಳಿಗೂ ಅನುಕೂಲವಾಯಿತು. ಹಳೇ ವರದಿಯಲ್ಲಿ ಜಿ ಎಂದಿದ್ದದ್ದು ಹೊಸ ಲೆಕ್ಕದಲ್ಲಿ ಎಫ್ ಅಥವಾ ಇ ಆಗಿರಬಹುದು. ಹಳೇ ದರ್ಜೆ ತೋರಿಸಿ ಬೆಲೆ ಇಳಿಸಿ, ಹೊಸ ದರ್ಜೆ ಆಮೇಲೆ ತೆಗೆಸಿ. ಇದರಲ್ಲಿ ಮೋಸವೇನಿಲ್ಲ.

ಸೀಸ, ಕಲ್ನಾರು, ಗೆದ್ದಲು, ವಿದ್ಯುತ್, ಗ್ಯಾಸ್ ವರದಿಗಳನ್ನೂ ಮಾರುವವರೇ ಕೊಡುತ್ತಾರೆ. ಗೆದ್ದಲಿನದನ್ನು ಮಾತ್ರ ಬಿಡದೆ ಓದಿ, ಮರದ ತೊಲೆಯ ಊರಿದು.

ಆಫರಿನಿಂದ ಸಹಿಯ ತನಕ

ಬೆಲೆ ಒಪ್ಪಿಗೆಯಾದ ಮೇಲೆ 'ಕಾಂಪ್ರೋಮಿ' ಎಂಬ ಅಗ್ರಿಮೆಂಟ್. ಅಡ್ವಾನ್ಸ್ 5ರಿಂದ 10%, ನೊತೇರ್ ಅವರ ಖಾತೆಗೆ ಹಾಕಿ. ಮಾರುವವರ ಕೈಗೆ ಒಂದು ಯೂರೋ ಕೂಡ ಕೊಡಬೇಡಿ. ಸಹಿಯಾದ ಅಗ್ರಿಮೆಂಟ್ ನಿಮ್ಮ ಕೈಸೇರಿದ ಮರುದಿನದಿಂದ 10 ದಿನ ಯೋಚಿಸಲು ಸಮಯ. ಆಗ ಕಾರಣ ಕೊಡದೆ ಹಿಂದೆ ಸರಿಯಬಹುದು, ಅಡ್ವಾನ್ಸ್ ಪೂರ್ತಿ ವಾಪಸ್. ಮಾರುವವರಿಗೆ ಈ ಹಕ್ಕಿಲ್ಲ. ಸಾಲ ಸಿಗದಿದ್ದರೆ ವ್ಯವಹಾರ ರದ್ದು ಎಂಬ ಷರತ್ತನ್ನು ಹಾಕಿಸಿ. ಅದು ಇಲ್ಲದಿದ್ದರೆ ಬ್ಯಾಂಕ್ ಕೈಕೊಟ್ಟಾಗ ಅಡ್ವಾನ್ಸೂ ಹೋಗುತ್ತದೆ.

ಆಮೇಲೆ ಸುಮಾರು ಮೂರು ತಿಂಗಳು ಕಾಯುವುದು. ಆ ಬೆಲೆಗೆ ಮನೆಯನ್ನು ತಾನೇ ಕೊಳ್ಳುವ ಹಕ್ಕು ನಗರಸಭೆಗಿರುವ ಜಾಗವಾದರೆ ಉತ್ತರಕ್ಕೆ ಎರಡು ತಿಂಗಳು ಹಿಡಿಯುತ್ತದೆ. ದುಡ್ಡು ಎಲ್ಲಿಂದ ಬಂತು ಎಂದು ನೊತೇರ್ ಕೇಳುತ್ತಾರೆ. ಸಂಬಳದ ಸ್ಲಿಪ್ಪು, ಸೈಟು ಮಾರಿದ ಕ್ರಯಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು ಸಿದ್ಧವಿರಲಿ. ಮದುವೆಯ ಸರ್ಟಿಫಿಕೇಟು, ಜನನ ಪತ್ರಗಳಿಗೆ ಅಪೊಸ್ಟಿಲ್, ಅಂದರೆ ವಿದೇಶದಲ್ಲಿ ಒಪ್ಪುವ ಸರಕಾರಿ ದೃಢೀಕರಣ, ಹಾಕಿಸಿ, ಪ್ರಮಾಣಿತ ಅನುವಾದಕರಿಂದ ಫ್ರೆಂಚಿಗೆ ಮಾಡಿಸಿ. ಇದಕ್ಕೇ ವಾರಗಟ್ಟಲೆ ಹಿಡಿಯುವುದರಿಂದ ಮನೆ ಹುಡುಕುವಾಗಲೇ ಶುರುಮಾಡಿ.

ಸಹಿಯ ದಿನ ನೊತೇರ್ ಇಡೀ ಪತ್ರವನ್ನು ಜೋರಾಗಿ ಓದುತ್ತಾರೆ. ಫ್ರೆಂಚ್ ಬಾರದಿದ್ದರೆ ದುಭಾಷಿ ಬೇಕೇಬೇಕು, ಖರ್ಚು ನಿಮ್ಮದು. ಹೋಗಲಾಗದಿದ್ದರೆ ಅಧಿಕಾರ ಪತ್ರ ಕೊಟ್ಟು ಬೇರೆಯವರಿಂದ ಸಹಿ ಮಾಡಿಸಬಹುದು. ಆದರೆ ಸಹಿಯ ದಿನ ಬೆಳಗ್ಗೆ ಯಾರಾದರೂ ಮನೆಗೆ ಹೋಗಿ ನಲ್ಲಿ ತಿರುಗಿಸಿ, ಸ್ವಿಚ್ ಹಾಕಿ, ಮನೆ ಖಾಲಿಯಾಗಿದೆಯೇ ನೋಡಲೇಬೇಕು. ಸಹಿ ಬಿದ್ದ ಮೇಲೆ ಸಿಗುವುದು ಕೀಲಿ ಮತ್ತು ಮಾಲೀಕತ್ವದ ದೃಢೀಕರಣ. ಕ್ರಯಪತ್ರದ ದೃಢೀಕೃತ ಪ್ರತಿ ಬರಲು ತಿಂಗಳುಗಳು ಬೇಕು.

ಬಾಡಿಗೆಗೆ ಕೊಡುವುದಾದರೆ

ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಟ್ಟು ದುಡ್ಡು ಮಾಡುವ ಕನಸಿದ್ದರೆ ಈಗಲೇ ಬಿಡಿ. ಎರಡನೇ ಮನೆಯನ್ನು ಹಾಗೆ ಕೊಡಲು ನಗರಸಭೆಯ ಬಳಕೆ ಬದಲಾವಣೆ ಅನುಮತಿ ಬೇಕು, ನಿಯಮ ವರ್ಷವರ್ಷಕ್ಕೂ ಬಿಗಿಯಾಗುತ್ತಿದೆ. ನೆಮ್ಮದಿಯ ದಾರಿ ಪೀಠೋಪಕರಣ ಸಹಿತ ಬಾಡಿಗೆ. ಒಂದು ವರ್ಷದ ಕರಾರು, ವಿದ್ಯಾರ್ಥಿಗಾದರೆ ಒಂಬತ್ತು ತಿಂಗಳು. ನೊವಾಯ್‌ನಂಥ ಕಡೆ ಕೊಡುವ ಮುಂಚೆ ಬಾಡಿಗೆ ಪರವಾನಗಿಯೂ ಬೇಕು, 2019ರಿಂದ ಜಾರಿಯಲ್ಲಿದೆ. ನೀವು ಫ್ರಾನ್ಸಿನಲ್ಲಿ ವಾಸವಿಲ್ಲದಿದ್ದರೆ ಬಾಡಿಗೆ ಆದಾಯಕ್ಕೆ ಅಲ್ಲಿ ಕನಿಷ್ಠ 20% ಆದಾಯ ತೆರಿಗೆ, ಅದರ ಮೇಲೆ ಸಾಮಾಜಿಕ ತೆರಿಗೆ.

ಕೀಲಿ ಕೈಗೆ ಬಂದ ಮೇಲೆ

ಮನೆ ವಿಮೆ ಅದೇ ದಿನ ಶುರುವಾಗಲಿ. ಕೋಪ್ರೊಪ್ರಿಯೆತೆಯಲ್ಲಿ ಅದು ಕಡ್ಡಾಯ. ವಿದ್ಯುತ್ ಮೀಟರಿನ ನಂಬರ್ ಫೋಟೋ ತೆಗೆದುಕೊಂಡು ನಿಮ್ಮ ಹೆಸರಿಗೆ ಮಾಡಿಸಿ. ಫ್ರೆಂಚ್ ತೆರಿಗೆ ಇಲಾಖೆಯ ಆನ್‌ಲೈನ್ ಖಾತೆಯಲ್ಲಿ ಮನೆಯಲ್ಲಿ ಯಾರಿದ್ದಾರೆ ಎಂದು ತಿಳಿಸಿ. ಉಯಿಲಿನ ಬಗ್ಗೆ ನೊತೇರ್ ಜೊತೆ ಒಂದು ಸಲ ಕೂತು ಮಾತಾಡಿ. ನೀವು ಮೈಸೂರಿನಲ್ಲಿದ್ದರೂ ಆ ಮನೆಯ ವಾರಸುದಾರಿಕೆ ತೆರಿಗೆ ಫ್ರಾನ್ಸಿಗೇ ಸಲ್ಲಬೇಕು.

ಭಾರತದಲ್ಲಿ ತೆರಿಗೆ ಕಟ್ಟುವ ನಿವಾಸಿಯಾದರೆ ವರ್ಷವೂ ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಮನೆಯನ್ನು ತೋರಿಸಬೇಕು, ಬಾಡಿಗೆ ಬರದೆ ಬೀಗ ಹಾಕಿಟ್ಟಿದ್ದರೂ ಸರಿ. 2015ರ ಕಪ್ಪುಹಣ ಕಾಯ್ದೆಯಡಿ ಮರೆತದ್ದಕ್ಕೆ ದಂಡ 10 ಲಕ್ಷ ರೂಪಾಯಿ. ಸಣ್ಣ ಮೊತ್ತದ ಬ್ಯಾಂಕ್ ಖಾತೆ, ಷೇರುಗಳಿಗೆ ಕೊಟ್ಟಿರುವ ವಿನಾಯಿತಿ ಸ್ಥಿರಾಸ್ತಿಗೆ ಇಲ್ಲ. ಫ್ರಾನ್ಸಿನಲ್ಲಿ ಕಟ್ಟಿದ ಆದಾಯ ತೆರಿಗೆಯನ್ನು ಎರಡು ದೇಶಗಳ ಒಪ್ಪಂದದಂತೆ ಇಲ್ಲಿ ವಜಾ ಮಾಡಿಸಿಕೊಳ್ಳಬಹುದು. ಅದಕ್ಕೆ ಅಲ್ಲಿನ ತೆರಿಗೆ ನೋಟಿಸ್ ಬೇಕು, ಒಂದನ್ನೂ ಎಸೆಯಬೇಡಿ.